ಹಳೆಯ ಪಿಕಪ್ ಟ್ರೇಲರ್ ಎಳೆಯುವಾಗ ಇಂಜಿನ್ ಏಕೆ ಕಾಯುತ್ತದೆ?

(ಮಂಗಳೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ತೋಟವಿರುವ ಅನೇಕ ಮನೆಗಳಲ್ಲಿ ಇಂದು ಒಂದು ಪಿಕಪ್ ಗಾಡಿ ಇದೆ. ಅಡಿಕೆ ಮೂಟೆಯನ್ನು ಮಂಗಳೂರಿಗೆ ತರಲು, ಗೊಬ್ಬರ ಒಯ್ಯಲು, ಪವರ್ ಟಿಲ್ಲರನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಲು ಅದೇ ಆಧಾರ. ಹತ್ತು ಹದಿನೈದು ವರ್ಷ ದುಡಿದ ಇಂತಹ ಗಾಡಿ ಬರಿದಾಗಿ ಓಡುವಾಗ ಏನೂ ತೊಂದರೆ ಕೊಡುವುದಿಲ್ಲ. ಹಿಂದೆ ಟ್ರೇಲರ್ ಕಟ್ಟಿ ಏರು ಹತ್ತಿಸಿದೊಡನೆ ಶಾಖದ ಮುಳ್ಳು ಕೆಂಪು ಗೆರೆಯ ಕಡೆಗೆ ಹೋಗುತ್ತದೆ. ಈ ವಿಷಯದಲ್ಲಿ ನಾನು ಕಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ನಮ್ಮ ಪರಿಚಯದ ಬೆಳೆಗಾರರೊಬ್ಬರಿಗೆ ಉಪ್ಪಿನಂಗಡಿಯ ಬಳಿ ಅಡಿಕೆ ತೋಟ, ಸಕಲೇಶಪುರದ ಕಡೆ ಸ್ವಲ್ಪ ಗದ್ದೆ. ಮಂಗಳೂರಿನಲ್ಲಿ ರಿಪೇರಿಯಾದ ಟಿಲ್ಲರನ್ನು ಎರಡು ಗಾಲಿಯ ಟ್ರೇಲರಿನಲ್ಲಿಟ್ಟು ಶಿರಾಡಿ ಘಾಟಿ ಹತ್ತಿಸುವುದು ಅವರ ವಾಡಿಕೆ. ಪಡೀಲಿನಿಂದ ನೆಲ್ಯಾಡಿಯವರೆಗೆ ಏನೂ ಇಲ್ಲ. ಗುಂಡ್ಯ ದಾಟಿ ಏರು ಹಿಡಿದ ಕೂಡಲೇ ಇಂಜಿನ್ ಕಾಯತೊಡಗುವುದು. ಒಂದು ವರ್ಕ್‌ಶಾಪಿನವರು ಥರ್ಮೋಸ್ಟಾಟನ್ನು ಕಿತ್ತು ಹಾಕಿದರು. ಇನ್ನೊಬ್ಬರು ವಾಟರ್ ಪಂಪು ಬದಲಿಸಿದರು. ಮೂರನೆಯವರು ಹೆಡ್ ಬಿಚ್ಚಬೇಕೆಂದರು. ಒಂದು ಬೆಳೆಯ ಲಾಭ ಕೈಬಿಡುವ ಹಂತಕ್ಕೆ ಬಂದಾಗ ಅವರು ನನ್ನಲ್ಲಿಗೆ ಬಂದರು. ಯಾರೂ ಅವರನ್ನು ಕೇಳದೆ ಬಿಟ್ಟಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಿದೆ: "ಗಾಡಿ ಕಾಯುವುದು ಯಾವಾಗ?"

ಈ ಪ್ರಶ್ನೆಗೆ ಉತ್ತರ ಗೊತ್ತಾಗದೆ ಒಂದು ಬೋಲ್ಟನ್ನೂ ಸಡಿಲಿಸಬಾರದೆಂಬುದು ನನ್ನ ಅಭಿಪ್ರಾಯ. ನಂತೂರಿನ ವಾಹನ ಸಂದಣಿಯಲ್ಲಿ ನಿಂತು ನಿಂತು ಹೋಗುವಾಗ ಕಾಯುತ್ತಿದ್ದು, ಖಾಲಿ ರಸ್ತೆಯಲ್ಲಿ ಓಡಿಸಿದಾಗ ತಣ್ಣಗಾಗುತ್ತಿದ್ದರೆ ದೋಷ ಗಾಳಿಯಲ್ಲಿದೆ. ಅಂದರೆ ಫ್ಯಾನ್ ಬೆಲ್ಟು ಸಡಿಲವಾಗಿರಬಹುದು, ಇಲ್ಲವೇ ಫ್ಯಾನಿನ ಸುತ್ತಲಿನ ಕವಚವನ್ನು ಯಾರೋ ಬಿಚ್ಚಿ ಮರಳಿ ಹಾಕದೆ ಬಿಟ್ಟಿರಬಹುದು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 12 ಮಿಲಿಮೀಟರಿನಷ್ಟು ಮಾತ್ರ ತಗ್ಗಬೇಕು. ನಿಂತಾಗ ಸರಿಯಿದ್ದು, ವೇಗವಾಗಿ ಓಡಿಸಿದಾಗ ಇಲ್ಲವೇ ಏರಿನಲ್ಲಿ ಭಾರ ಎಳೆಯುವಾಗ ಮಾತ್ರ ಕಾಯುತ್ತಿದ್ದರೆ ನೀರಿನ ಹರಿವನ್ನೂ ರೇಡಿಯೇಟರನ್ನೂ ಸಂಶಯಿಸಬೇಕು. ಬೆಳಿಗ್ಗೆ ತಣ್ಣಗಿರುವ ಇಂಜಿನನ್ನು ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿದಾಗ ರೇಡಿಯೇಟರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ, ಎಲ್ಲಿಯೂ ತೊಟ್ಟಿಕ್ಕದೆ ನೀರು ಕಡಿಮೆಯಾಗುತ್ತಿದ್ದರೆ, ಆಯಿಲು ಹಾಲು ಬೆರೆಸಿದಂತೆ ಕಂಡರೆ, ಆಗ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಮಾತು ಎತ್ತಬೇಕು.

ಟ್ರೇಲರ್ ಕಟ್ಟಿದಾಗಲೇ ಏಕೆ ಹೀಗಾಗುತ್ತದೆಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. 2,000 ಕಿಲೋ ತೂಕದ ಪಿಕಪ್, 20 ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹತ್ತಲು ಏರಿಗೆಂದೇ ಸುಮಾರು 11 ಅಶ್ವಶಕ್ತಿ ಬೇಕು. ಹಿಂದೆ ಇನ್ನು 1,000 ಕಿಲೋ ಸೇರಿಸಿದರೆ ಅದು 16 ದಾಟುತ್ತದೆ. ಸ್ಥೂಲವಾಗಿ ಹೇಳುವುದಾದರೆ ಡೀಸೆಲ್ ಇಂಜಿನಿನಲ್ಲಿ ಉರಿದ ಇಂಧನದ ಮೂರರಲ್ಲಿ ಒಂದು ಪಾಲು ಕೆಲಸವಾಗುತ್ತದೆ, ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನದನ್ನು ನೀರು ಹೊರಬೇಕು. ಶಾಖವೂ ಹೀಗೆ ಒಂದೂವರೆ ಪಟ್ಟಾಗುವಾಗ ಗಾಡಿಯ ವೇಗ ಕಡಿಮೆಯಾಗಿ ಎದುರು ಗಾಳಿಯೂ ಕಡಿಮೆಯಾಗುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರು ಊರೊಳಗಿನ ಓಡಾಟಕ್ಕೆ ಸಾಕಾಗಬಹುದು, ಘಾಟಿಗೆ ಸಾಲದು. ಟ್ರೇಲರ್ ಹೊಸ ರೋಗವನ್ನು ತರುವುದಿಲ್ಲ, ಒಳಗೆ ಅಡಗಿದ್ದುದನ್ನು ಹೊರಗೆ ಹಾಕುತ್ತದೆ.

ಆ ಬೆಳೆಗಾರರ ಉತ್ತರ ಹೀಗಿತ್ತು: ಕಾಯುವುದು ಟ್ರೇಲರಿನೊಡನೆ ಏರಿನಲ್ಲಿ ಮಾತ್ರ, ಸಮತಟ್ಟು ಸಿಕ್ಕಿದರೆ ಐದು ನಿಮಿಷದಲ್ಲಿ ಮುಳ್ಳು ಇಳಿಯುತ್ತದೆ, ನೀರು ಕಡಿಮೆಯಾಗುವುದಿಲ್ಲ. ಹೆಡ್ ಬಿಚ್ಚುವ ಮಾತು ಅಲ್ಲಿಗೇ ನಿಂತಿತು. ಮುಂದಿನ ಜಾಲರಿಯಿಂದ ನೋಡಿದರೆ ರೇಡಿಯೇಟರು ತೊಳೆದಿಟ್ಟಂತೆ ಶುಭ್ರವಾಗಿತ್ತು, ಏಕೆಂದರೆ ಪ್ರತಿ ಸಲ ಎದುರಿನಿಂದಲೇ ನೀರು ಹೊಡೆದಿದ್ದರು. ಬಿಚ್ಚಿ ಬೆಳಕಿಗೆ ಹಿಡಿದಾಗ ತಗಡಿನ ರೆಕ್ಕೆಗಳ ನಡುವೆ ಅಡಿಕೆ ಸಿಪ್ಪೆಯ ನಾರು, ಬೈಹುಲ್ಲಿನ ಚೂರು, ನಮ್ಮ ಕೆಂಪು ಮಣ್ಣಿನ ಧೂಳು ಸೇರಿ ಮೆತ್ತಿದ ಗೋಡೆಯಂತಾಗಿತ್ತು. ಎದುರಿನಿಂದ ಹೊಡೆದ ನೀರು ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿತ್ತು. ಇಂಜಿನಿನ ಕಡೆಯಿಂದ ಹೊರಕ್ಕೆ, ಮೆಲ್ಲನೆ ನೀರು ಬಿಟ್ಟು ತೊಳೆಯತಕ್ಕದ್ದು. ಸರ್ವಿಸ್ ಸ್ಟೇಷನ್ನಿನ ರಭಸದ ಧಾರೆಯನ್ನು ಹತ್ತಿರದಿಂದ ಹಿಡಿದರೆ ರೆಕ್ಕೆಗಳು ಮಡಚಿ ಹೋಗುತ್ತವೆ.

ಅಷ್ಟಾದರೂ ಮುಳ್ಳು ಮಧ್ಯದಿಂದ ಸ್ವಲ್ಪ ಮೇಲೆಯೇ ನಿಲ್ಲುತ್ತಿತ್ತು. ಈಗ ಪಿಸ್ತೂಲಿನಂತೆ ಹಿಡಿದು ದೂರದಿಂದಲೇ ಶಾಖ ಅಳೆಯುವ ಉಪಕರಣ ಅಂಗಡಿಗಳಲ್ಲಿ ಸಿಗುತ್ತದೆ. ಬಿಸಿಯಾದ ರೇಡಿಯೇಟರಿನ ಮೈಮೇಲೆ ಅದನ್ನು ಹಿಡಿದು ನೋಡಿದಾಗ ಒಂದು ಬದಿಯ ನಳಿಗೆಗಳು ಎದ್ದುಕಾಣುವಷ್ಟು ತಣ್ಣಗಿದ್ದವು. ಅಲ್ಲಿ ನೀರು ಹರಿಯುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಕೊಳವೆ ಬಾವಿಯ ನೀರು ತುಂಬಿಸಿದ್ದರ ಫಲವಿದು. ಮುರಕಲ್ಲಿನ ನಮ್ಮ ನೆಲದಲ್ಲಿ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ನೇತ್ರಾವತಿಯ ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಸೇರುವುದುಂಟು. ಅಂತಹ ನೀರು ಇಂಜಿನಿಗೆ ವರ್ಜ್ಯ. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಕೂಲೆಂಟನ್ನು ಸಮಪಾಲಿನಲ್ಲಿ ಬೆರೆಸಿ ಹಾಕಬೇಕು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆಂದು ಕೆಲವರು ಕೇಳುತ್ತಾರೆ. ಅದರಲ್ಲಿರುವ ತುಕ್ಕುನಿರೋಧಕಕ್ಕಾಗಿ ಎಂಬುದೇ ಉತ್ತರ. ಆ ರೇಡಿಯೇಟರನ್ನು ಬೆಸುಗೆ ಬಿಚ್ಚಿ, ನಳಿಗೆಗಳಿಗೆ ಸರಳು ಹಾಕಿ ಶುದ್ಧ ಮಾಡಿಸಿದೆವು.

ಥರ್ಮೋಸ್ಟಾಟನ್ನೂ ಮರಳಿ ಹಾಕಿಸಿದೆ. ಅದನ್ನು ಕಿತ್ತರೆ ಇಂಜಿನ್ ತಣ್ಣಗಿರುತ್ತದೆಂಬ ನಂಬಿಕೆ ನಮ್ಮ ಮೆಕ್ಯಾನಿಕರಲ್ಲಿ ಬಲವಾಗಿ ಬೇರೂರಿದೆ. ಆದರೆ ಎಷ್ಟೋ ಇಂಜಿನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅಡ್ಡದಾರಿಯೊಂದನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನಿನೊಳಗೇ ಸುತ್ತುತ್ತದೆ. ಪರೀಕ್ಷೆ ಸುಲಭ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಟ್ಟರೆ, ಅದರ ಮೇಲೆ ಬರೆದ ಶಾಖದಲ್ಲಿ, ಸಾಮಾನ್ಯವಾಗಿ 82 ಡಿಗ್ರಿಯ ಆಸುಪಾಸಿನಲ್ಲಿ, ಬಾಯಿ ತೆರೆಯಬೇಕು.

ಇನ್ನೆರಡು ಕಡೆ ಕಣ್ಣಿಡಬೇಕು. ಇಂಜಿನನ್ನು ಏರಿಸಿದಾಗ ಕೆಳಗಿನ ಹೋಸು ಒಳಕ್ಕೆ ಚಪ್ಪಟೆಯಾದರೆ ಪಂಪಿಗೆ ನೀರು ಸಿಗುತ್ತಿಲ್ಲವೆಂದು ಅರ್ಥ. ಅದರೊಳಗಿನ ಸುರುಳಿ ತಂತಿ ತುಕ್ಕು ಹಿಡಿದು ಹೋಗಿರಬಹುದು. ಹಾಗೆಯೇ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಟ್ರೇಲರಿನ ಗಾಲಿಯ ನಡುಭಾಗದ ಹತ್ತಿರ ಅಂಗೈ ಒಯ್ದು ನೋಡಿ. ಒಂದು ಮಾತ್ರ ಕಾದಿದ್ದರೆ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಹೋಗಿದೆ. ಇಂಜಿನ್ ಅದನ್ನೂ ಎಳೆಯುತ್ತಿರುತ್ತದೆ. ಕೈಪಿಡಿಯಲ್ಲಿ ಎಳೆಯಲು ಹೇಳಿರುವ ತೂಕವನ್ನು ಮೀರಬಾರದೆಂದೂ, ಟ್ರೇಲರಿಗೂ ನೋಂದಣಿ ಬೇಕೆಂದೂ ನಾನು ಹೇಳಬೇಕಾಗಿಲ್ಲ. ಆದರೂ ಹೇಳಿದ್ದೇನೆ.

ಓಡಿಸುವವರ ತಪ್ಪೂ ಇರುತ್ತದೆ. ಡೀಸೆಲ್ ಉಳಿಯಲೆಂದು ದೊಡ್ಡ ಗೇರಿನಲ್ಲೇ ಗಾಡಿಯನ್ನು ಗುದುಕುತ್ತಾ ಹತ್ತಿಸಿದರೆ ಪಂಪೂ ಫ್ಯಾನೂ ನಿಧಾನವಾಗಿ ತಿರುಗುತ್ತವೆ. ಏರಿನ ಬುಡದಲ್ಲೇ ಗೇರು ಇಳಿಸಬೇಕು. ಸಮುದ್ರ ಮಟ್ಟದ ಮಂಗಳೂರಿನಿಂದ 900 ಮೀಟರಿಗೂ ಎತ್ತರದ ಸಕಲೇಶಪುರಕ್ಕೆ ಹೋದಂತೆ ನೀರು ಕುದಿಯುವ ಶಾಖವೂ ಸುಮಾರು ಮೂರು ಡಿಗ್ರಿ ಇಳಿಯುತ್ತದೆ. ಮುಚ್ಚಳದ ಸ್ಪ್ರಿಂಗು ಗಟ್ಟಿಯಿದ್ದರೆ ಒಳಗಿನ ಒತ್ತಡದಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಸೋತ ಮುಚ್ಚಳವಿದ್ದರೆ ಆ ರಕ್ಷಣೆ ಇಲ್ಲ. ಅಗ್ಗದ ಭಾಗವಿದು, ಮೊದಲೇ ಬದಲಿಸಿಡಬಹುದು.

ಘಾಟಿಯಲ್ಲಿ ಮುಳ್ಳು ಕೆಂಪಿಗೆ ಬಂದರೆ ಜಾಗ ನೋಡಿ ಬದಿಗೆ ನಿಲ್ಲಿಸಿ, ಟ್ರೇಲರಿನ ಗಾಲಿಗೆ ಕಲ್ಲು ಕೊಡಿ. ಬೆಲ್ಟು ಸರಿಯಿದ್ದು ನೀರು ಸೋರದಿದ್ದರೆ ಇಂಜಿನನ್ನು ಎರಡು ಮೂರು ನಿಮಿಷ ನ್ಯೂಟ್ರಲಿನಲ್ಲಿ ನಡೆಸಿ ನಂತರ ನಿಲ್ಲಿಸಿ. ಬೆಲ್ಟು ತುಂಡಾಗಿದ್ದರೆ ಅಥವಾ ನೀರು ಚೆಲ್ಲುತ್ತಿದ್ದರೆ ಕೂಡಲೇ ನಿಲ್ಲಿಸಿ. ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒತ್ತಡ ಬಿಟ್ಟ ಕ್ಷಣದಲ್ಲಿ ನೀರು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಹಾಗೆ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಮುಕ್ಕಾಲು ಗಂಟೆಯಾದರೂ ಕಾಯಬೇಕು. ಮೇಲಿನ ಹೋಸನ್ನು ಬಟ್ಟೆಯಿಂದ ಹಿಸುಕಿದಾಗ ಮೆತ್ತಗಾಗಿದ್ದರೆ ಮಾತ್ರ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ತಡೆಯವರೆಗೆ ತಿರುಗಿಸಿ. ಕಾದ ಹೆಡ್ಡಿನ ಮೇಲೆ ಹೊಳೆಯ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ನೀರು ತುಂಬಿಸಿದ ಮೇಲೆ ಇಂಜಿನ್ ನಡೆಸಿ, ಗಾಳಿಗುಳ್ಳೆ ಹೊರಟ ನಂತರ ಮತ್ತೆ ಮಟ್ಟ ನೋಡಿ ಮುಚ್ಚಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ, ಮಟ್ಟ ಇಳಿದಿದ್ದರೆ ಆ ನೀರು ಎಲ್ಲಿಗೆ ಹೋಯಿತೆಂದು ಹುಡುಕಿದ ನಂತರವೇ ಟ್ರೇಲರ್ ಕಟ್ಟಿ.