ಹೊಲದ ಕಸ, ಊರ ಕೆಲಸ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಅಮೀನಗಡದಲ್ಲಿ ನಡೆದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರದ ಬಗ್ಗೆ ಮಾತನಾಡುವ ಅನುಭವಿಗಳು ಬಹಳ ಮಂದಿ ಇದ್ದಾರೆ. ನಮಗೆ ಬಂದ ವಿಷಯ ಕಸದ್ದು. ಹಬ್ಬದ ದಿನ ಕಸದ ಮಾತು ಯಾಕ್ರಿ ಅಂತ ತಾವು ಕೇಳಬಹುದು. ಸಾಲ ತಂದು ಬಿತ್ತಿದ ಹೊಲದಲ್ಲಿ ತೇವವನ್ನೂ ಗೊಬ್ಬರವನ್ನೂ ಬೆಳೆಗಿಂತ ಮೊದಲು ಉಣ್ಣುವುದು ಕಸ. ಆದ್ದರಿಂದ ಇದು ಸಂಘದ ಲೆಕ್ಕಕ್ಕೂ ಸೇರಿದ ಮಾತು ಎಂದೇ ನಾವು ತಿಳಿದಿದ್ದೇವೆ.

ಕರಿಕೆ, ಜೇಕು ನಮ್ಮ ಹಿರಿಯರ ಕಾಲದಿಂದಲೂ ಇವೆ. ಅವುಗಳ ಜೊತೆ ಬಾಳುವ ಹದ ನಮಗೆ ಗೊತ್ತು. ಇಂದು ನಾವು ಹೇಳಬಯಸುವುದು ಹೊರಗಿನಿಂದ ಬಂದು ನಮ್ಮ ನೆಲ ಹಿಡಿದ ಎರಡು ಗಿಡಗಳ ಬಗ್ಗೆ: ಒಂದು ಕಾಂಗ್ರೆಸ್ ಕಸ, ಇನ್ನೊಂದು ಬಳ್ಳಾರಿ ಜಾಲಿ. ಎರಡರ ತವರೂ ಅಮೆರಿಕ ಖಂಡದ ಬಿಸಿಲು ನಾಡು. ಅಲ್ಲಿ ಇವನ್ನು ತಿನ್ನುವ ಹುಳಗಳಿದ್ದವು, ಕಾಡುವ ರೋಗಗಳಿದ್ದವು. ನಮ್ಮಲ್ಲಿಗೆ ಗಿಡ ಬಂತು, ಅದರ ವೈರಿ ಬರಲಿಲ್ಲ. ಹೀಗಾಗಿ ಇವುಗಳಿಗೆ ಇಲ್ಲಿ ಕೇಳುವವರೇ ಇಲ್ಲದಂತಾಯಿತು.

ಕಾಂಗ್ರೆಸ್ ಕಸ

ಶಾಸ್ತ್ರದವರು ಇದಕ್ಕೆ ಪಾರ್ಥೇನಿಯಂ ಎನ್ನುತ್ತಾರೆ. ಬಿಳಿ ಹೂವನ್ನು ಬಿಳಿ ಟೋಪಿಗೆ ಹೋಲಿಸಿ ಜನ ಈ ಹೆಸರಿಟ್ಟರೆಂದು ಹೇಳುವುದುಂಟು. ಯಾವ ಪಕ್ಷದವರೂ ಬೇಸರ ಮಾಡಿಕೊಳ್ಳಬಾರದು, ಇದು ಎಲ್ಲರ ಹೊಲದಲ್ಲೂ ಬೆಳೆಯುತ್ತದೆ! ಇದು ನಮ್ಮ ದೇಶದಲ್ಲಿ ಎಲ್ಲರ ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಅಮೆರಿಕದಿಂದ ತರಿಸಿದ ಗೋದಿಯ ಜೊತೆ ಬಂತೆಂಬುದು ಎಲ್ಲರ ಬಾಯಲ್ಲಿರುವ ಮಾತು. ಹತ್ತೊಂಬತ್ತನೆಯ ಶತಮಾನದಲ್ಲೇ ಅಲ್ಲೊಂದು ಇಲ್ಲೊಂದು ಗಿಡ ಇತ್ತೆಂದು ಹಳೆಯ ಸಸ್ಯಸಂಗ್ರಹಗಳಿಂದ ತಿಳಿಯುತ್ತದೆ. ಹೇಗೇ ಬಂದಿರಲಿ, ಇಂದು ಅದು ಕಾಣದ ರಸ್ತೆ ಬದಿಯಿಲ್ಲ.

ಇದರ ಬಲ ಇರುವುದು ಬೀಜದಲ್ಲಿ. ಒಂದು ಚಲೋ ಬೆಳೆದ ಗಿಡ 15,000ಕ್ಕೂ ಹೆಚ್ಚು ಬೀಜ ಕೊಡುತ್ತದೆ. ಹಸಿ ಸಿಕ್ಕರೆ ಮೊಳೆತು ಒಂದೂವರೆ ತಿಂಗಳೊಳಗೇ ಹೂ ಬಿಡುತ್ತದೆ. ಬೀಜ ಗಾಳಿಗೆ ಹಾರುತ್ತದೆ, ಹಳ್ಳದ ನೀರಿನಲ್ಲಿ ತೇಲುತ್ತದೆ, ಟ್ರ್ಯಾಕ್ಟರ್ ಗಾಲಿಯ ಕೆಸರಿಗೆ, ತಿಪ್ಪೆಯ ಗೊಬ್ಬರಕ್ಕೆ ಸೇರಿ ಹೊಲಕ್ಕೆ ಬರುತ್ತದೆ. ಮಣ್ಣಿನೊಳಗೆ ಹೋದ ಬೀಜ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಇರುತ್ತದೆ. ಅದರ ಬೇರು ಎಲೆಗಳಿಂದ ಇಳಿಯುವ ರಸ ಸುತ್ತಲಿನ ಬೇರೆ ಸಸಿಗಳನ್ನು ಏಳಗೊಡುವುದಿಲ್ಲ.

ಬೆಳೆಗಿಂತ ಹೆಚ್ಚಿನ ಮಾತು ಮೈಯದು. ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಿಷ ತಾಗಿ ಕೆಲವರ ಕೈ, ಕುತ್ತಿಗೆ, ಮುಖದ ಮೇಲೆ ಕೆರೆತ ಎದ್ದು ಚರ್ಮ ದಪ್ಪಾಗಿ ಕಪ್ಪಾಗುತ್ತದೆ. ಪರಾಗದಿಂದ ಸೀನು, ದಮ್ಮು ಬರುತ್ತದೆ. ಗತಿಯಿಲ್ಲದೆ ಇದನ್ನು ತಿಂದ ಎಮ್ಮೆ ಆಕಳ ಹಾಲು ಕಹಿಯಾಗುತ್ತದೆ. ನಮ್ಮಲ್ಲಿ ಕಸ ತೆಗೆಯುವವರು ಯಾರು? ಹೆಚ್ಚಾಗಿ ನಮ್ಮ ತಾಯಂದಿರು, ಅಕ್ಕತಂಗಿಯರು, ಅದೂ ಬರಿಗೈಯಲ್ಲಿ. ದಿನದ ಕೂಲಿಗೆ ಬಂದವರು ಜೀವನಪೂರ್ತಿ ತುರಿಕೆ ಕಟ್ಟಿಕೊಂಡು ಹೋಗುವುದು ನ್ಯಾಯವೇನ್ರಿ? ಕೈಗೆ ಗವಸು, ಮೈತುಂಬ ಬಟ್ಟೆ ಇಲ್ಲದೆ ಈ ಗಿಡ ಕೀಳಿಸಬಾರದು. ಒಮ್ಮೆ ಮೈಗೆ ಒಗ್ಗದವರನ್ನು ಮತ್ತೆ ಈ ಕೆಲಸಕ್ಕೆ ಹಚ್ಚಲೇಬಾರದು.

ಸರಕಾರ ಸುಮ್ಮನೆ ಕೂತಿರಲಿಲ್ಲ. 1975ರಲ್ಲೇ ಕರ್ನಾಟಕದಲ್ಲಿ ಇದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಲಾಯಿತು. 1983ರಲ್ಲಿ ಮೆಕ್ಸಿಕೋದಿಂದ ಇದರ ಎಲೆ ತಿನ್ನುವ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹಳದಿ ಮೈ, ಅದರ ಮೇಲೆ ಕಪ್ಪು ಗೆರೆ. ಮಳೆಗಾಲದಲ್ಲಿ ಗಿಡದ ಮೇಲೆ ಕಂಡರೆ ಕೊಲ್ಲಬೇಡಿ, ಅದು ನಮ್ಮ ಪುಕ್ಕಟೆ ಆಳು. 1990ರ ದಶಕದಲ್ಲಿ ಸೂರ್ಯಕಾಂತಿ ಎಲೆಯ ಮೇಲೂ ಅದು ಕಂಡು ರೈತರು ಗಾಬರಿಯಾಗಿದ್ದರು. ಅದರ ಸಂತತಿ ಸೂರ್ಯಕಾಂತಿಯ ಮೇಲೆ ಬೆಳೆಯುವುದಿಲ್ಲವೆಂದು ಪರೀಕ್ಷೆಗಳಿಂದ ಗೊತ್ತಾಯಿತು.

ಹುಳ ಬಿಟ್ಟು ಗಿಡ ಗೆದ್ದದ್ದು ನಮ್ಮ ಸೀಮೆಗೆ ಹೊಸದಲ್ಲ. ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲಗಳನ್ನೇ ನುಂಗಿದ್ದ ಪಾಪಾಸುಕಳ್ಳಿಯನ್ನು 1926ರಲ್ಲಿ ಸಿಂಹಳದಿಂದ ತಂದ ಒಂದು ಸಣ್ಣ ಹುಳ ಮಟ್ಟ ಹಾಕಿತು. ಕಾಂಗ್ರೆಸ್ ಕಸದ ವಿಷಯದಲ್ಲಿ ಮಾತ್ರ ಹುಳವೊಂದೇ ಸಾಲಲಿಲ್ಲ. ಒಣ ತಿಂಗಳುಗಳಲ್ಲಿ ದುಂಬಿ ಮಣ್ಣೊಳಗೆ ಮಲಗಿಬಿಡುತ್ತದೆ. ಎದ್ದು ಹೊಟ್ಟೆ ತುಂಬಿಸಿಕೊಳ್ಳುವುದರೊಳಗೆ ಎಷ್ಟೋ ಗಿಡ ಬೀಜ ಉದುರಿಸಿರುತ್ತವೆ. 1997ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಕಸದ ಮೇಲೆಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಹುಳ, ಕೈಗೆಲಸ, ಜೊತೆಗೆ ಅದನ್ನು ಒತ್ತಿ ಬೆಳೆಯುವ ತಗಚಿಯಂಥ ಗಿಡ, ಇವೆಲ್ಲ ಕೂಡಿದರೇ ಇದು ಬಗ್ಗುತ್ತದೆಂಬುದು ಬಲ್ಲವರ ಮಾತು.

ಬಳ್ಳಾರಿ ಜಾಲಿ

ಇದನ್ನು ಮಾತ್ರ ನಾವೇ ಕರೆದು ತಂದದ್ದು. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ಆಗಿನ ಮದ್ರಾಸ್ ಪ್ರಾಂತದ ಕಡಪಾ ಭಾಗದಲ್ಲಿ ಬಿತ್ತಿದರು. ಬರಗಾಲದ ನೆಲಕ್ಕೆ ಹಸಿರು, ಬಡವರಿಗೆ ಉರುವಲು ಎಂಬುದು ಒಳ್ಳೆಯ ಉದ್ದೇಶವೇ. ಗಿಡ ಹೇಳಿದ ಕೆಲಸ ಮಾಡಿತು, ಆದರೆ ಅಷ್ಟಕ್ಕೇ ನಿಲ್ಲಲಿಲ್ಲ.

ನಮ್ಮ ಊರಿನವರಿಗೆ ಇದರ ಗುಟ್ಟು ಬೇಗ ತಿಳಿಯಬೇಕು, ಯಾಕೆಂದರೆ ನಮ್ಮದು ಕುರಿ ಸಂತೆಗೆ ಹೆಸರಾದ ಊರು. ಈ ಜಾಲಿಯ ಕಾಯಿ ಸಿಹಿ. ಕುರಿ ಆಡು ಆಸೆಯಿಂದ ತಿನ್ನುತ್ತವೆ. ತಿರುಳು ಜೀರ್ಣವಾಗುತ್ತದೆ, ಗಟ್ಟಿ ಬೀಜ ಹಿಕ್ಕೆಯ ಜೊತೆ ಹೊರಬೀಳುತ್ತದೆ. ಹೊಟ್ಟೆಯೊಳಗೆ ಹೋಗಿ ಬಂದ ಬೀಜ ಇನ್ನೂ ಚಲೋ ಮೊಳೆಯುತ್ತದೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆಯ ಜೊತೆ ಜಾಲಿಯನ್ನೂ ಬಿತ್ತಿದಂತಾಗುತ್ತದೆ. ಇದು ಕುರಿಗಾರರ ತಪ್ಪಲ್ಲ. ಕುರಿ ನಿಲ್ಲಿಸಿದ ಹೊಲವನ್ನು ಮುಂದಿನ ಎರಡು ಮಳೆಯ ನಂತರ ಒಮ್ಮೆ ತಿರುಗಿ ನೋಡಿ, ಗೇಣುದ್ದದ ಸಸಿ ಇರುವಾಗಲೇ ಕಿತ್ತರೆ ಸಾಕು. ಕಾಯಿಯನ್ನು ಬೀಜ ಸಮೇತ ಬೀಸಿ ಹಿಟ್ಟು ಮಾಡಿ, ಬೇರೆ ಮೇವಿನ ಜೊತೆ ಹದವಾಗಿ ಕೊಟ್ಟರೆ ಕುರಿಗೂ ಆಯಿತು, ಬೀಜವೂ ಸತ್ತಿತು.

ಹದ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಆಫ್ರಿಕದ ಕೀನ್ಯಾ ದೇಶ ಸಾಕ್ಷಿ. ಅಲ್ಲಿಯ ಬಾರಿಂಗೊ ಸರೋವರದ ದಂಡೆಯಲ್ಲಿ 1980ರ ದಶಕದಲ್ಲಿ ಇದೇ ಜಾಲಿ ನೆಟ್ಟರು. ಹುಲ್ಲುಗಾವಲು ಮುಚ್ಚಿಹೋಯಿತು. ಆ ಸಿಹಿ ಕಾಯಿ ತಿಂದು ತಿಂದು ಆಡುಗಳ ಹಲ್ಲು ಹುಳುಕಾಗಿ ಬಿದ್ದವು. ಅಲ್ಲಿಯ ಪಶುಪಾಲಕರು 2006ರ ಸುಮಾರಿಗೆ ಸರಕಾರದ ಮೇಲೆ ದಾವೆ ಹೂಡಿ, ಹಲ್ಲಿಲ್ಲದ ಒಂದು ಆಡನ್ನೇ ಕೋರ್ಟಿಗೆ ಸಾಕ್ಷಿಯಾಗಿ ಒಯ್ದರು!

ಇನ್ನು ಕಡಿಯುವ ಮಾತು. ಬುಡಕ್ಕೆ ಕೊಡಲಿ ಹಾಕಿ ಬಿಟ್ಟರೆ ಒಂದು ಕಾಂಡದ ಜಾಗದಲ್ಲಿ ಹತ್ತು ಏಳುತ್ತವೆ. ಚಿಗುರುವ ಕಣ್ಣುಗಳು ನೆಲದ ಕೆಳಗಿನ ಬೇರಿನ ಗಡ್ಡೆಯಲ್ಲಿವೆ. ಸುಮಾರು ಒಂದು ಅಡಿ ಅಗೆದು ಅದನ್ನು ಕಿತ್ತರೆ ಮಾತ್ರ ಗಿಡ ಸಾಯುತ್ತದೆ. ಕಿತ್ತ ನೆಲವನ್ನು ಬರಿದಾಗಿ ಬಿಟ್ಟರೆ ಮತ್ತೆ ಜಾಲಿಯೇ, ಇಲ್ಲವೆ ಕಾಂಗ್ರೆಸ್ ಕಸ. ಅಲ್ಲಿ ಹುಲ್ಲು ಎಬ್ಬಿಸಬೇಕು, ಬೇವು, ಹುಣಸೆ, ಬನ್ನಿ, ನಮ್ಮ ಕರಿಜಾಲಿ ಹಚ್ಚಬೇಕು. ದಸರೆಗೆ ನಾವು ಕೈಗೆ ಕೈ ಕೊಟ್ಟು ಹಂಚಿಕೊಳ್ಳುವ ಬನ್ನಿ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬಳ್ಳಾರಿ ಜಾಲಿಯ ಹತ್ತಿರದ ಬಳಗ. ಆದರೆ ಅದು ಬೆಳೆಯ ನಡುವೆ ನಿಂತೂ ಬೆಳೆಯನ್ನು ಕೆಡಿಸುವುದಿಲ್ಲ. ಕರಿಜಾಲಿಯ ಕಟ್ಟಿಗೆಯಿಂದ ನಮ್ಮ ಹಿರಿಯರು ಬಂಡಿ, ನೇಗಿಲು ಮಾಡಿದರು. ನಮ್ಮ ಊರಿಗೆ ಹೆಸರು ತಂದ ಕರದಂಟಿನಲ್ಲಿರುವುದೂ ಗಿಡದ ಅಂಟೇ, ಕರಿಜಾಲಿಯಿಂದಲೂ ತಿನ್ನುವ ಅಂಟು ಸಿಗುತ್ತದೆ.

ಆದರೆ ಒಂದು ಮಾತು ಮರೆಯಬಾರದು. ಜಾಲಿ ತೆಗೀರಿ ಅನ್ನೋದು ಹೊಲ ಇದ್ದವರಿಗೆ ಸುಲಭ. ಹೊಲ ಇಲ್ಲದ ಎಷ್ಟೋ ಮನೆಗಳ ಒಲೆ ಇಂದಿಗೂ ಇದೇ ಕಟ್ಟಿಗೆಯಿಂದ ಉರಿಯುತ್ತದೆ. ಗ್ಯಾಸ್ ಸಿಲಿಂಡರ್ ಬಂದರೂ ತುಂಬಿಸಲು ರೊಕ್ಕ ಬೇಕಲ್ಲ! ಅವರನ್ನು ಕೇಳದೆ ಜೆ.ಸಿ.ಬಿ. ತರಿಸಿ ಒಂದೇ ದಿನ ಬಯಲು ಮಾಡಿದರೆ ಅದು ಸಹಕಾರವಲ್ಲ. ಸ್ವಲ್ಪ ಸ್ವಲ್ಪ ಭಾಗ ಮಾಡಿ ತೆಗೆಯಬೇಕು, ಬಿದ್ದ ಕಟ್ಟಿಗೆಯಲ್ಲಿ ಮೊದಲ ಹಕ್ಕು ಅವರದಾಗಬೇಕು, ಅಗೆಯುವ ಕೂಲಿಯೂ ಅವರಿಗೇ ಸಿಗಬೇಕು.

ನಮ್ಮ ಸೂಚನೆ

ಎರಡೂ ಗಿಡಗಳ ಕಥೆ ಕೇಳಿದ ಮೇಲೆ ತಾವೇ ವಿಚಾರ ಮಾಡಿ. ಒಬ್ಬ ರೈತ ತನ್ನ ಹತ್ತು ಎಕರೆ ಹಸನು ಮಾಡಿದ, ಬಾಜೂ ಒಡ್ಡಿನ ಮೇಲೆ ಒಂದೇ ಗಿಡ ಉಳಿಯಿತು. ಮುಂದಿನ ವರ್ಷ ಮತ್ತೆ ಮೊದಲಿನಿಂದ! ಸಾಲವನ್ನು ಒಬ್ಬೊಬ್ಬರೇ ತೀರಿಸಬಹುದು, ಈ ಕಸವನ್ನು ಒಬ್ಬರೇ ತೀರಿಸಲಾಗದು. ಆದ್ದರಿಂದ ಮೂರು ಮಾತು ಸಭೆಯ ಮುಂದಿಡುತ್ತೇವೆ.

ಒಂದು, ಮುಂಗಾರು ಮಳೆ ಹಿಡಿದ ಮೇಲೆ, ಕಾಂಗ್ರೆಸ್ ಕಸ ಹೂ ಬಿಡುವ ಮೊದಲು, ಊರಿಗೆಲ್ಲ ಒಂದೇ ದಿನ ಗೊತ್ತು ಮಾಡಿ ಒಡ್ಡು, ಹಾದಿ, ಹಳ್ಳದ ದಂಡೆ, ಶಾಲೆಯ ಅಂಗಳ ಎಲ್ಲ ಕೂಡಿ ಕೀಳಬೇಕು. ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಿದರೆ ಗೊಬ್ಬರವಾಗುತ್ತದೆ, ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಲೇಬಾರದು. ಲೀಟರಿಗೆ 150ರಿಂದ 200 ಗ್ರಾಂ ಉಪ್ಪು ಕರಗಿಸಿ ಸಿಂಪಡಿಸುವುದೂ ಉಂಟು, ಆದರೆ ಅದು ಪಾಳು ಜಾಗಕ್ಕೆ ಮಾತ್ರ. ಹೊಲಕ್ಕೆ ಉಪ್ಪು ಬೇಡ. 2,4-ಡಿ ಯಂಥ ಔಷಧ ಗಾಳಿಗೆ ಹಾರಿ ಬಾಜೂದವರ ಹತ್ತಿ, ಸೂರ್ಯಕಾಂತಿ, ಕಡಲೆಯನ್ನು ಸುಡುತ್ತದೆ, ಎಚ್ಚರ.

ಎರಡು, ಗವಸುಗಳನ್ನು ಸಂಘವೇ ತರಿಸಿ ಇಡಬೇಕು. ಮೂರು, ಈ ಕೆಲಸ ಒಂದು ವರ್ಷದ ಫೋಟೋಕ್ಕಾಗಿ ಅಲ್ಲ. ಮಣ್ಣಿನಲ್ಲಿ ಕೂತ ಬೀಜ ಮುಗಿಯುವವರೆಗೆ ಪ್ರತಿ ವರ್ಷ ಬಿಡದೆ ನಡೆಯಬೇಕು.

ನಮ್ಮಿಂದ ದೂರವಿಲ್ಲದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬನೇ ನಿಂತರೆ ಸಾಲಗಾರನ ಕೈಗೆ ಸಿಗುವ ರೈತ, ಕೂಡಿ ನಿಂತರೆ ತಲೆ ಎತ್ತುತ್ತಾನೆಂದು ತೋರಿಸಿದರು. ಅದೇ ಮಾತು ಕಸಕ್ಕೂ ಸಲ್ಲುತ್ತದೆ. ಬರುವ ಮುಂಗಾರಿಗೆ ದಿನ ಗೊತ್ತು ಮಾಡುವ ಠರಾವು ಇವತ್ತೇ ಆಗಲಿ ಎಂದು ಬೇಡಿಕೊಳ್ಳುತ್ತೇವೆ.