ಕಂಪವಿಲ್ಲದ ಕಂಪವಾತ

ಬೀದರ್ ನಗರದಿಂದ, ಭಾಲ್ಕಿ, ಔರಾದ್ ತಾಲ್ಲೂಕುಗಳಿಂದ ಬಂದಿರುವ ವೈದ್ಯ ಮಿತ್ರರೇ, ಫಿಸಿಯೋಥೆರಪಿ ಬಂಧುಗಳೇ, ಶುಶ್ರೂಷಕಿಯರೇ, ಆಶಾ ಕಾರ್ಯಕರ್ತೆಯರೇ, ಅಧ್ಯಕ್ಷ ಪೀಠದಿಂದ ಒಂದೇ ಮಾತನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಪಾರ್ಕಿನ್ಸನ್ ಕಾಯಿಲೆಯನ್ನು ನಾವು ಬೆರಳಿನ ನಡುಕದಲ್ಲಿ ಹುಡುಕುತ್ತೇವೆ. ಕೆಲವರಲ್ಲಿ ಅದು ಅದಕ್ಕೂ ಮೊದಲೇ ಭುಜದಲ್ಲಿ ಬಂದು ಕೂತಿರುತ್ತದೆ.

ನಮ್ಮ ದಾರಿ ತಪ್ಪುವುದು ಹೆಸರಿನಿಂದಲೇ. ನಾವು ಇದನ್ನು ಕಂಪವಾತ ಎನ್ನುತ್ತೇವೆ. 1817ರಲ್ಲಿ ಇದನ್ನು ವಿವರಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಕೂಡ ನಡುಗುವ ಪಾರ್ಶ್ವವಾಯು ಎಂದೇ ಕರೆದರು. ಬಿಗಿತಕ್ಕೂ ಚಲನೆಯ ನಿಧಾನಕ್ಕೂ ತಕ್ಕ ಸ್ಥಾನ ಕೊಟ್ಟವರು ಆಮೇಲಿನ ಫ್ರೆಂಚ್ ವೈದ್ಯ ಶಾರ್ಕೋ. ಇಂದಿನ ನಿಯಮದಂತೆ ಚಲನೆ ನಿಧಾನವಾಗಿರಲೇಬೇಕು. ಅದರೊಂದಿಗೆ ಬಿಗಿತ, ನಡುಕ ಎರಡರಲ್ಲಿ ಒಂದಿದ್ದರೂ ಸಾಕು. ಎಂದರೆ ನಡುಕವೇ ಇಲ್ಲದ ಕಂಪವಾತ ಉಂಟು. ಇನ್ನು ಭುಜದ ಮಾತು. 1989ರ ಅಧ್ಯಯನವೊಂದರಲ್ಲಿ ರೈಲಿ ಮತ್ತು ಸಂಗಡಿಗರು 150 ಪಾರ್ಕಿನ್ಸನ್ ರೋಗಿಗಳನ್ನು ಅದೇ ವಯೋಮಾನದ 60 ಮಂದಿಯೊಂದಿಗೆ ಹೋಲಿಸಿದರು. ಭುಜದ ತೊಂದರೆ ರೋಗಿಗಳಲ್ಲಿ ಶೇ 43, ಇತರರಲ್ಲಿ ಶೇ 23. ಫ್ರೋಜನ್ ಶೋಲ್ಡರ್, ಎಂದರೆ ಭುಜ ಹಿಡಿಯುವುದು, ರೋಗಿಗಳಲ್ಲಿ ಶೇ 12.7, ಇತರರಲ್ಲಿ ಶೇ 1.7 ಮಾತ್ರ. ಕನಿಷ್ಠ ಶೇ 8ರಷ್ಟು ರೋಗಿಗಳಲ್ಲಿ ಭುಜ ಹಿಡಿದದ್ದೇ ಕಾಯಿಲೆಯ ಮೊದಲ ಲಕ್ಷಣ. ಉಳಿದ ಚಿಹ್ನೆಗಳು ಕಂಡದ್ದು ಎರಡು ವರ್ಷದೊಳಗೆ. ಭುಜ ಹಿಡಿದವರಲ್ಲಿ ರೋಗ ನಡುಕಕ್ಕಿಂತ ಹೆಚ್ಚಾಗಿ ಚಲನೆಯ ಕುಂದಿನಿಂದಲೇ ಆರಂಭವಾಗಿತ್ತು.

ಇದರ ಕಾರಣ ಊಹಿಸುವುದು ಕಷ್ಟವಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಒಂದು ಮಗ್ಗುಲಲ್ಲಿ ಶುರುವಾಗುತ್ತದೆ. ನಡೆಯುವಾಗ ಆ ಕೈ ಬೀಸುವುದು ಕಡಿಮೆಯಾಗುತ್ತದೆ, ಸ್ನಾಯು ಬಿಗಿಯುತ್ತದೆ, ಆಡದ ಕೀಲಿನ ಸುತ್ತಲಿನ ಪೊರೆ ಗಟ್ಟಿಯಾಗುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಭುಜದ ನೋವಿಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಜೋಳದ ರೊಟ್ಟಿ ಬಡಿಯುವ ತಾಯಿಗೆ, ತೊಗರಿ ರಾಶಿ ಮಾಡುವ ರೈತನಿಗೆ, ಬಿದ್ರಿ ಕುಸುರಿಯಲ್ಲಿ ಬೆಳ್ಳಿ ತಂತಿ ಕೂರಿಸುವ ಕುಶಲಕರ್ಮಿಗೆ ಎಲ್ಲರೂ ಹೇಳುವುದು ಒಂದೇ: ದುಡಿದು ದುಡಿದು ರಟ್ಟೆ ಹಿಡಿದದ. ದುಡಿಮೆಯ ಹೆಸರು ಬಂದ ಮೇಲೆ ಬೇರೆ ಪ್ರಶ್ನೆ ಏಳುವುದಿಲ್ಲ.

ಭುಜದಲ್ಲಿ ಪಾರ್ಕಿನ್ಸನ್ ಹುಡುಕುವುದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಭುಜ ಹಿಡಿಯುವುದಕ್ಕೆ ಸಕ್ಕರೆ ಕಾಯಿಲೆಯೇ ಹೆಚ್ಚು ಪರಿಚಿತ ಕಾರಣ, ಪ್ರತಿ ಭುಜದಲ್ಲೂ ಪಾರ್ಕಿನ್ಸನ್ ಕಂಡರೆ ಜನ ಹೆದರಿಯಾರು ಎನ್ನಬಹುದು. ಒಪ್ಪುತ್ತೇನೆ. ಪಾರ್ಕಿನ್ಸನ್ ರೋಗಿಗಳಲ್ಲಿ ಶೇ 8ರಷ್ಟು ಮಂದಿಗೆ ಭುಜದಿಂದ ಶುರುವಾಯಿತು ಎಂದರೆ, ಭುಜ ನೋವಿನವರಲ್ಲಿ ಶೇ 8ರಷ್ಟು ಮಂದಿಗೆ ಪಾರ್ಕಿನ್ಸನ್ ಇದೆ ಎಂದಲ್ಲ. ಹೆಚ್ಚಿನವರಿಗೆ ಅದು ಇರುವುದಿಲ್ಲ. ಹಾಗಾಗಿ ರಕ್ತದ ಸಕ್ಕರೆ ನೋಡುವುದನ್ನು ಬಿಡಬೇಡಿ. ಅದರ ಜೊತೆಗೆ ಇನ್ನೆರಡು ನಿಮಿಷ ಕೊಡಿ ಎಂದಷ್ಟೇ ನನ್ನ ಕೋರಿಕೆ. ವಾಸಿಯಾಗದ ಕಾಯಿಲೆಯನ್ನು ಬೇಗ ಹಿಡಿದು ಏನು ಲಾಭ ಎಂಬುದು ಎರಡನೆಯ ಆಕ್ಷೇಪ. ಬುಡದಿಂದ ಕೀಳುವ ಮದ್ದಿಲ್ಲ, ನಿಜ. ಆದರೆ ಲೆವೊಡೋಪ ಮಾತ್ರೆಯಿಂದ ಬಿಗಿತ ಸಡಿಲುತ್ತದೆ, ವ್ಯಾಯಾಮದಿಂದ ಚಲನೆ ಉಳಿಯುತ್ತದೆ, ಕಾರಣ ತಿಳಿಯದೆ ಮೇಲಿಂದ ಮೇಲೆ ಕೊಡುವ ಚುಚ್ಚುಮದ್ದು ತಪ್ಪುತ್ತದೆ. ಆಗಲೇ ಗಟ್ಟಿಯಾದ ಕೀಲಿಗೆ ಮಾತ್ರೆಯೊಂದೇ ಸಾಲದು. ಅಲ್ಲಿ ಫಿಸಿಯೋಥೆರಪಿಯೂ ಬೇಕು.

ನರರೋಗ ತಜ್ಞರು ಪ್ರತಿ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ನಿಮ್ಹಾನ್ಸ್ ಇರುವ ಬೆಂಗಳೂರು ಇಲ್ಲಿಂದ ಸುಮಾರು 700 ಕಿ.ಮೀ. ದೂರ. ಅಷ್ಟು ದೂರ ಯಾರನ್ನು ಕಳಿಸಬೇಕು, ಯಾರನ್ನು ಬೇಡ ಎಂದು ಮೊದಲು ತೀರ್ಮಾನಿಸುವವರು ನೀವೇ. ಆದ್ದರಿಂದ ಐವತ್ತು ದಾಟಿದವರು ಒಂದು ಭುಜ ಹಿಡಿದಿದೆ ಎಂದು ಬಂದರೆ ಮೂರು ಕೆಲಸ ಮಾಡಿ. ಹತ್ತು ಹೆಜ್ಜೆ ನಡೆಸಿ, ಎರಡೂ ಕೈ ಸಮನಾಗಿ ಬೀಸುತ್ತವೆಯೇ ನೋಡಿ. ಹೆಬ್ಬೆರಳು ತೋರುಬೆರಳನ್ನು ಬೇಗಬೇಗ ತಟ್ಟಿಸಿ, ತಟ್ಟುವುದು ಚಿಕ್ಕದಾಗುತ್ತಾ ಹೋಗುತ್ತದೆಯೇ ಗಮನಿಸಿ. ಇನ್ನೊಂದು ಕೈಯ ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿ, ನೋವಿನ ಕೈಯ ಮಣಿಕಟ್ಟನ್ನೂ ಮೊಣಕೈಯನ್ನೂ ನೀವೇ ಮಡಿಸಿ, ಬಿಗಿತವಿದೆಯೇ ಪರೀಕ್ಷಿಸಿ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ನಡುಕ ಬರಲಿ ಎಂದು ಮಾತ್ರ ಕಾಯಬೇಡಿ.