ಗಿಣ್ಣು ಮೊದಲು ಕರುವಿಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ ಮೂರನೆಯ ಬ್ಯಾಚಿನವನು. ಸಮಿತಿಯವರು ನನಗೆ ಕೊಟ್ಟ ವಿಷಯ ‘ಪ್ರಾಣಿಗಳಲ್ಲಿ ಮತ್ತು ಸಸ್ಯಗಳಲ್ಲಿ ರೋಗನಿರೋಧಕ ಶಕ್ತಿ’. ವಿಷಯ ದೊಡ್ಡದು, ಸಮಯ ಸಣ್ಣದು. ನಾನು ದನದ ಡಾಕ್ಟರಾಗಿ ಕೆಲಸ ಮಾಡಿ ನಿವೃತ್ತನಾದವನು, ಮನೆಯಲ್ಲಿ ಒಂದಿಷ್ಟು ಕಾಫಿ, ಅಡಿಕೆ ಇದೆ. ಹಾಗಾಗಿ ಪುಸ್ತಕ ಬಿಟ್ಟು ಕೊಟ್ಟಿಗೆ ಮತ್ತು ತೋಟದ ಕಡೆಯಿಂದಲೇ ಹೇಳುತ್ತೇನೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಕಪ್ಪು ಹಸು ಒಂದು ಸಂಜೆ ಕರು ಹಾಕಿತು. ನಮ್ಮಜ್ಜಿಯ ಕಟ್ಟಳೆ ಏನೆಂದರೆ, ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು. ಮಾಸು ಬಿದ್ದದ್ದು ಮರುದಿನ ಬೆಳಿಗ್ಗೆ. ಆಮೇಲೆ ಮೊದಲ ಹಾಲು ಕರೆದು, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿದರು. ದೇವರಿಗೆ ಇಟ್ಟು, ನಾಲ್ಕು ಮನೆಗೆ ಕೊಟ್ಟು, ಒಂದು ಡಬ್ಬಿ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಅಂತ ನನ್ನ ಕೈಲಿ ಕಳಿಸಿದರು. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿ, ‘ಗಿಣ್ಣು ಅಂದ್ರೆ ಹೀಗಿರಬೇಕು ನೋಡಿ, ಚಾಕು ಹಾಕಿ ಕೊಯ್ಯಬೇಕು’ ಅಂದರು. ನನಗೆ ಬಹಳ ಹೆಮ್ಮೆ. ಕರುವಿಗೆ ಹಾಲು ಸಿಕ್ಕಿದ್ದು ಮಧ್ಯಾಹ್ನದ ಹೊತ್ತಿಗೆ.

ವಾರ ಕಳೆಯುವುದರೊಳಗೆ ಕರುವಿಗೆ ಬಿಳಿ ಭೇದಿ ಹಿಡಿಯಿತು. ಹನ್ನೊಂದನೆಯ ದಿನ ಸತ್ತಿತು. ದೃಷ್ಟಿಯಾಯಿತು ಎಂದರು. ಅಪ್ಪ ಅದನ್ನು ತೆಂಗಿನ ಬುಡಕ್ಕೆ ಹುಗಿದರು. ಆ ಡಬ್ಬಿಗೂ ಈ ಸಾವಿಗೂ ಸಂಬಂಧ ಇರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತರಗತಿಯಲ್ಲಿ. ಆ ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರಲಿಲ್ಲ.

ಸಂಬಂಧ ಹೀಗಿದೆ. ನಮ್ಮ ಮೈಗೆ ಒಮ್ಮೆ ಒಂದು ರೋಗಾಣು ಹೊಕ್ಕರೆ, ಅದನ್ನೇ ಹುಡುಕಿ ಹಿಡಿಯುವ ಒಂದು ಬಗೆಯ ಪ್ರೋಟೀನನ್ನು ರಕ್ತದ ಬಿಳಿ ಕಣಗಳು ತಯಾರಿಸುತ್ತವೆ. ಅದಕ್ಕೆ ಪ್ರತಿಕಾಯ ಎಂದು ಹೆಸರು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಹೊಟ್ಟೆಯಲ್ಲಿರುವ ಮಗುವಿಗೆ ಹೋಗುತ್ತವೆ. ಹುಟ್ಟುವಾಗಲೇ ಮಗುವಿನ ಹತ್ತಿರ ಕೆಲವು ತಿಂಗಳ ಬುತ್ತಿ ಇರುತ್ತದೆ. ಹಸು, ಎಮ್ಮೆ, ಕುರಿ, ಆಡುಗಳಲ್ಲಿ ಹಾಗಿಲ್ಲ. ಅವುಗಳ ಮಾಸಿನ ರಚನೆಯೇ ಬೇರೆ, ಅದು ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಕರು ನೆಲಕ್ಕೆ ಬೀಳುವಾಗ ಅದರ ರಕ್ತದಲ್ಲಿ ತಾಯಿಯ ಕಾವಲು ಇಲ್ಲವೆಂದೇ ಹೇಳಬೇಕು. ಬೀಳುವುದೋ ಸಗಣಿ ಗಂಜಲದ ನೆಲಕ್ಕೆ.

ತಾಯಿ ಆ ಬುತ್ತಿಯನ್ನು ಕೆಚ್ಚಲಿನಲ್ಲಿ ಕಟ್ಟಿಟ್ಟಿರುತ್ತಾಳೆ. ಮೊದಲ ಹಾಲು ಹಳದಿಯಾಗಿ ಮಂದವಾಗಿರುವುದಕ್ಕೆ ಅದರಲ್ಲಿ ತುಂಬಿರುವ ಪ್ರತಿಕಾಯಗಳೂ ಒಂದು ಮುಖ್ಯ ಕಾರಣ. ಮಾಮೂಲಿ ಹಾಲು ಕಾಯಿಸಿದರೆ ಉಕ್ಕುತ್ತದೆ, ಗಿಣ್ಣು ಹಾಲು ಕಾಯಿಸಿದರೆ ಗಟ್ಟಿಯಾಗುತ್ತದೆ. ಯಾಕೆ? ಬಿಸಿಗೆ ಮೊಟ್ಟೆ ಗಟ್ಟಿಯಾದ ಹಾಗೆ ಆ ಪ್ರೋಟೀನುಗಳು ಹೆಪ್ಪುಗಟ್ಟುತ್ತವೆ. ಚಾಕುವಿನಲ್ಲಿ ಕೊಯ್ಯುವಂಥ ಗಿಣ್ಣು ಎಂದು ನಮ್ಮ ಮೇಷ್ಟ್ರು ಹೊಗಳಿದ್ದು ಆ ಕರುವಿಗೆ ಸೇರಬೇಕಾಗಿದ್ದ ಕಾವಲನ್ನು.

ಇನ್ನೊಂದು ವಿಷಯ, ಇದು ಬಹಳ ಮುಖ್ಯ. ಕರುವಿನ ಕರುಳು ಈ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು 24 ಗಂಟೆ ಮಾತ್ರ. ಅದರಲ್ಲೂ ಮೊದಲ ಆರು ಗಂಟೆ ಬಾಗಿಲು ಅಗಲವಾಗಿ ತೆರೆದಿರುತ್ತದೆ, ಬರಬರುತ್ತಾ ಮುಚ್ಚುತ್ತದೆ. ಮರುದಿನ ಸಂಜೆ ಎಷ್ಟು ಕುಡಿಸಿದರೂ ಅದು ಹೊಟ್ಟೆಗೆ ಆಹಾರ, ರಕ್ತಕ್ಕೆ ಕಾವಲಲ್ಲ. ಮಾಸು ಬೀಳುವುದಕ್ಕೂ ಕರು ಕುಡಿಯುವುದಕ್ಕೂ ಬೇಡದ ಗಂಟು ಹಾಕಬೇಡಿ. ನಿಜ ಹೇಳಬೇಕೆಂದರೆ ಕರು ಚೀಪಿದಾಗ ಹಸುವಿನ ಗರ್ಭಕೋಶ ಹಿಂಡಿ ಮಾಸು ಬೀಳಲು ಸಹಾಯವೇ ಆಗುತ್ತದೆ.

ಎಷ್ಟು ಕುಡಿಸಬೇಕು? ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು. ಜರ್ಸಿ ಮಿಶ್ರತಳಿಯ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರು, ಎರಡು ಮೂರು ಸಲಕ್ಕೆ. ನಮ್ಮ ಮಲೆನಾಡು ಗಿಡ್ಡದ ಎಂಟು-ಹತ್ತು ಕೆ.ಜಿ. ಕರುವಿಗೆ ಒಂದು ಲೀಟರು ಸಾಕು. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಕುಡಿಯಲೇಬೇಕು. ಎದ್ದು ನಿಲ್ಲಲಾರದ ಕರುವಿಗೆ ಕರೆದು ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. ಸರ್ವಿಸಿನಲ್ಲಿದ್ದಾಗ ಎಷ್ಟೋ ಮನೆಗೆ ಹೋಗಿದ್ದೇನೆ. ‘ಡಾಕ್ಟ್ರೇ, ಕರು ತಲೆ ಎತ್ತಲ್ಲ, ಏನಾದ್ರೂ ಇಂಜೆಕ್ಷನ್ ಕೊಡಿ’ ಅನ್ನುತ್ತಾರೆ. ‘ಅಮ್ಮಾ, ಹುಟ್ಟಿದ ದಿನ ಹಾಲು ಯಾವಾಗ ಕುಡೀತು?’ ಅಂತ ಕೇಳಿದರೆ, ಆ ತಾಯಿ ಉತ್ತರ ಹೇಳದೆ ನನಗೊಂದು ತಟ್ಟೆಯಲ್ಲಿ ಗಿಣ್ಣು ತಂದಿಟ್ಟದ್ದೂ ಇದೆ. ಅಲ್ಲಿ ನಾನು ಏನು ಹೇಳಲಿ?

ತಾಯಿ ಕೊಟ್ಟದ್ದು ಸಾಲ. ಕೆಲವು ತಿಂಗಳಲ್ಲಿ ಕರಗುತ್ತದೆ. ಅಷ್ಟರಲ್ಲಿ ಕರು ತಾನೇ ಸಂಪಾದನೆ ಶುರುಮಾಡಬೇಕು. ಲಸಿಕೆ ಹಾಕುವುದು ಅದಕ್ಕೆ. ಸತ್ತ ಅಥವಾ ಬಲಗುಂದಿಸಿದ ರೋಗಾಣುವನ್ನು ತೋರಿಸಿ, ‘ಇವನ ಮುಖ ನೆನಪಿಟ್ಟುಕೋ’ ಎಂದು ಹೇಳಿಕೊಡುವುದು. ಇಂಗ್ಲಿಷಿನ ‘ವ್ಯಾಕ್ಸಿನ್’ ಎಂಬ ಮಾತು ಹುಟ್ಟಿದ್ದೂ ಹಸುವಿನ ಲ್ಯಾಟಿನ್ ಹೆಸರಿನಿಂದಲೇ, 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬು ತಡೆದ ಮೇಲೆ. ದನಗಳ ದೊಡ್ಡ ರೋಗದ ಹೆಸರು ಹಿರಿಯರು ಕೇಳಿರುತ್ತೀರಿ, ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಒಂದು ಸಲ ಚುಚ್ಚಿದರೆ ದನ ಅದನ್ನು ಬದುಕಿಡೀ ಮರೆಯುತ್ತಿರಲಿಲ್ಲ. ಹಾಗಾಗಿ 2011ರಲ್ಲಿ ಆ ರೋಗ ಪ್ರಪಂಚದಿಂದಲೇ ಹೋಯಿತೆಂದು ಘೋಷಿಸಿದರು. ಕಾಲುಬಾಯಿ ರೋಗ ಹಾಗಲ್ಲ. ಅದರ ವೈರಸ್ಸಿನಲ್ಲಿ ಹಲವು ಜಾತಿ, ದನದ ನೆನಪೂ ಬೇಗ ಮಸುಕಾಗುತ್ತದೆ. ಆರು ತಿಂಗಳಿಗೊಮ್ಮೆ ಹಾಕಿಸಿ ಎಂದು ಬಾಗಿಲಿಗೆ ಬರುವುದು ಅದಕ್ಕೆ. ಚುಚ್ಚಿದ ಮೇಲೆ ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಇಳಿಯಬಹುದು, ಸುಳ್ಳಲ್ಲ. ಅಷ್ಟಕ್ಕೇ ದನವನ್ನು ಗುಡ್ಡಕ್ಕೆ ಅಟ್ಟಿ ‘ಮನೇಲಿ ಇಲ್ಲ ಸಾರ್’ ಎಂದವರು ಈ ಸಭೆಯಲ್ಲೂ ಇದ್ದೀರಿ, ಹೆಸರು ಹೇಳುವುದಿಲ್ಲ. 2013ರಲ್ಲಿ ನಮ್ಮ ರಾಜ್ಯದಲ್ಲಿ ಆ ರೋಗ ಸಾವಿರಾರು ದನಗಳನ್ನು ಕೊಂಡೊಯ್ದಿತು.

ಇನ್ನು ತೋಟಕ್ಕೆ ಬರೋಣ. ನಾವೆಲ್ಲ ಬರಿಗಾಲಲ್ಲಿ ಶಾಲೆಗೆ ನಡೆದವರು, ಕಾಲಿಗೆ ಮುಳ್ಳು ಹೊಕ್ಕರೆ ಎರಡು ದಿನಕ್ಕೆ ಕೀವು ಕಟ್ಟುತ್ತಿತ್ತು. ಆ ಕೀವಿನಲ್ಲಿ ತುಂಬಿರುವುದು ಹೋರಾಡಿ ಸತ್ತ ಬಿಳಿ ಕಣಗಳು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಬೆಳಿಗ್ಗೆ ಎದ್ದು ನೋಡಿದರೆ ಓಡಾಡುವ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಗಿಡಕ್ಕೆ ಇಂಥ ಓಡಾಡುವ ಕಣಗಳಿಲ್ಲ, ರಕ್ತವಿಲ್ಲ, ಪ್ರತಿಕಾಯವಿಲ್ಲ. ಅಲ್ಲಿ ಪ್ರತಿಯೊಂದು ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಕೋಶದ ಮೈಮೇಲೂ ಒಳಗೂ ಶತ್ರುವನ್ನು ಗುರುತಿಸುವ ಕೊಂಡಿಗಳಿವೆ. ಗುರುತು ಸಿಕ್ಕ ಕೂಡಲೇ ಆ ಕೋಶ, ಸುತ್ತಲಿನ ನಾಲ್ಕಾರು ಕೋಶಗಳೊಂದಿಗೆ, ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಕಾಡಿಗೆ ಬೆಂಕಿ ಬಿದ್ದಾಗ ನಾವು ಮುಂದೆ ಹೋಗಿ ತರಗು ಸುಟ್ಟು ಬೆಂಕಿ ಲೈನ್ ಮಾಡುತ್ತೇವಲ್ಲ, ಹಾಗೆ. ಕಾಫಿ ಎಲೆಯ ತುಕ್ಕು ರೋಗದಂಥ ಶಿಲೀಂಧ್ರ ಜೀವ ಇರುವ ಕೋಶದಲ್ಲಿ ಮಾತ್ರ ಬದುಕಬಲ್ಲದು. ಕೋಶ ಸತ್ತರೆ ಅದಕ್ಕೆ ಅನ್ನವಿಲ್ಲ. ಎಲೆಯ ಮೇಲಿನ ಸಣ್ಣ ಕಂದು ಚುಕ್ಕೆ ಎಷ್ಟೋ ಸಲ ರೋಗದ ಗುರುತಲ್ಲ, ರೋಗ ಅಲ್ಲಿಗೇ ನಿಂತದ್ದರ ಗುರುತು.

ಒಂದು ಎಲೆಗೆ ಪೆಟ್ಟು ಬಿದ್ದರೆ ಉಳಿದ ಎಲೆಗಳಿಗೂ ಸುದ್ದಿ ಹೋಗಿ ಅವು ಸ್ವಲ್ಪ ಕಾಲ ಎಚ್ಚರವಾಗಿರುತ್ತವೆ. ಆದರೆ ಕರುವಿನ ಹಾಗೆ ಹೊಸ ಶತ್ರುವಿನ ಮುಖ ನೋಡಿ, ಅದಕ್ಕೆಂದೇ ಹೊಸ ಆಯುಧ ಮಾಡಿಕೊಳ್ಳುವುದು ಗಿಡಕ್ಕೆ ಆಗದು. ಬೀಜದಲ್ಲಿ ಬಂದಷ್ಟೇ ಕೊಂಡಿಗಳು. ಗಿಡದ ನೆನಪು ಇರುವುದು ತಳಿಯಲ್ಲಿ.

ಇದಕ್ಕೆ ಸಾಕ್ಷಿ ನಮ್ಮ ಮಗ್ಗುಲಲ್ಲೇ ಇದೆ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಕಾಫಿ ತುಕ್ಕು ಅಲ್ಲಿನ ಕಾಫಿಯನ್ನೇ ಮುಗಿಸಿತು, ಅವರು ಟೀಗೆ ತಿರುಗಿದರು. ನಮ್ಮ ಕಡೆಗೂ ಬಂತು. 1911ರ ಸುಮಾರಿಗೆ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರು, ಸುತ್ತಲಿನ ಗಿಡಗಳೆಲ್ಲ ಎಲೆ ಉದುರಿಸಿ ನಿಂತಿದ್ದಾಗ ಹಸಿರಾಗಿದ್ದ ಗಿಡ ಕಂಡು ಅದರ ಬೀಜ ಮಾಡಿದರು. ಎಲ್ಲರೂ ‘ಕೆಂಟ್ಸ್’ ಹಾಕಿದರು. ಕೆಲವು ವರ್ಷ ನೆಮ್ಮದಿ. ಆಮೇಲೆ ಅದಕ್ಕೂ ತುಕ್ಕು ಹತ್ತಿತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕಾರಣ ಕಂಡುಹಿಡಿದರು. ತುಕ್ಕು ಒಂದೇ ಅಲ್ಲ, ನೋಡಲು ಒಂದೇ ಥರ ಇರುವ ಹಲವು ಕುಲಗಳು, ಕೆಂಟ್ಸಿನ ಬೀಗಕ್ಕೆ ಕೀಲಿ ಇರುವ ಕುಲ ಬಂದು ಸೇರಿದೆ ಎಂದು. ಇಂದು ಪ್ರಪಂಚದ ಕಾಫಿ ವಿಜ್ಞಾನಿಗಳೆಲ್ಲ ಓದುವ ಪಾಠ ಅದು. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತು ಹುಟ್ಟಿದ ಗಿಡದ ಸಂತತಿಯನ್ನು ಕೆಂಟ್ಸಿಗೆ ಕೂಡಿಸಿ ಅಲ್ಲಿಂದಲೇ 1940ರ ದಶಕದಲ್ಲಿ ಎಸ್. 795 ಬಂತು. ನಿಮ್ಮಲ್ಲಿ ಅರ್ಧ ಜನರ ತೋಟದಲ್ಲಿರುವುದು ಅದೇ. ಈಗ ಅದೂ ಮೊದಲಿನಷ್ಟು ತಡೆಯುವುದಿಲ್ಲ, ನಿಮಗೇ ಗೊತ್ತು.

ಅಡಿಕೆಯ ಕೊಳೆರೋಗದ ಮಾತು ಬೇರೆ. ಅಲ್ಲಿ ನೆಚ್ಚಿಕೊಳ್ಳುವಂಥ ನಿರೋಧಕ ತಳಿ ನಮ್ಮ ಕೈಯಲ್ಲಿಲ್ಲ, ಅದಕ್ಕೇ ಬೋರ್ಡೋ ಹೊಡೆಯುತ್ತೇವೆ. ಬೋರ್ಡೋ ಲಸಿಕೆಯಲ್ಲ, ಕಂಬಳಿಕೊಪ್ಪೆ. ಮಳೆಗೆ ಮೊದಲೇ ಹೊದಿಸಬೇಕು. ನೆನೆದ ಮೇಲೆ ಹೊದಿಸಿದರೆ ಏನು ಬಂತು?

ಆದ್ದರಿಂದ ಮನೆಯ ಹಿಂದೆ ಹಳೆಯ ಕಾಫಿಗಿಡ, ಯಾವುದೋ ಕಾಲದ ಭತ್ತದ ಬೀಜ, ರೋಗದ ವರ್ಷವೂ ಕಾಯಿ ಕೊಟ್ಟ ಬದನೆಗಿಡ ಇದ್ದರೆ ಕಡಿಯುವ ಮೊದಲು ಕೃಷಿ ಇಲಾಖೆಯವರಿಗೋ ಸಂಶೋಧನಾ ಕೇಂದ್ರದವರಿಗೋ ಒಂದು ಮಾತು ಹೇಳಿ. ತೋಟವಿಡೀ ಒಂದೇ ತಳಿಯಾದರೆ ಎಲ್ಲ ಮನೆಗೂ ಒಂದೇ ಬೀಗ ಹಾಕಿದ ಹಾಗೆ.

ಕೊನೆಗೊಂದು ಮಾತು. ಇಷ್ಟು ಕೇಳಿ, ಡಾಕ್ಟ್ರು ಗಿಣ್ಣು ತಿನ್ನಬೇಡಿ ಎಂದರು ಅಂತ ಹೇಳಿಕೊಂಡು ಹೋಗಬೇಡಿ. ಮಿಶ್ರತಳಿ ಹಸು ಕರುವಿಗೆ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ. ನಮ್ಮ ಮನೆಯಲ್ಲಿ ಈಗಲೂ ಗಿಣ್ಣು ಆಗುತ್ತದೆ, ಎರಡನೆಯ ದಿನದ ಹಾಲಿನದು. ಸ್ವಲ್ಪ ಸಡಿಲ, ಚಾಕು ಹಾಕಿದರೆ ನಿಲ್ಲುವುದಿಲ್ಲ, ಚಮಚದಲ್ಲಿ ತಿನ್ನಬೇಕು. ಇವತ್ತು ನನ್ನ ವಿಜ್ಞಾನದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೆಂದು ಒಂದು ಡಬ್ಬಿ ತಂದಿದ್ದೇನೆ. ಕರು ನಿನ್ನೆ ಬೆಳಿಗ್ಗೆ ಹುಟ್ಟಿದ್ದು ಮೇಷ್ಟ್ರೇ, ಮುಕ್ಕಾಲು ಗಂಟೆಯಲ್ಲಿ ಎದ್ದು ಕುಡಿಯಿತು.